ಎರಡು ಸ್ನಾನಕ್ಕೆ ಬಿಸಿನೀರು ಮುಗಿಯುತ್ತದೆ, ಮತ್ತೆ ಕಾಯಲು ಎರಡು ಗಂಟೆ ಬೇಕು: ದೊಡ್ಡ ಬಾಯ್ಲರ್ ಹಾಕಿಸಬೇಕೇ?

ತಂಪುನಲ್ಲಿ:
ನಮ್ಮ ಮನೆಯಲ್ಲಿ ಅನಿಲದಿಂದ ಉರಿಯುವ 24 ಕಿಲೋವಾಟ್ ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿರುವ ನೀರಾವಿಯನ್ನು ಹನಿಗಟ್ಟಿಸಿ ಅದರ ಶಾಖವನ್ನೂ ಬಳಸುವ ಬಗೆ) ಇದೆ. ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳನ್ನೂ, ಒಳಗೆ ತಾಮ್ರದ ಕಾಯಿಲ್ (ಬಾಯ್ಲರಿನ ಬಿಸಿನೀರು ಹರಿಯುವ ಸುರುಳಿ ಕೊಳವೆ) ಇರುವ 180 ಲೀಟರಿನ ಬಿಸಿನೀರಿನ ಟ್ಯಾಂಕನ್ನೂ ಅದೊಂದೇ ಕಾಯಿಸುತ್ತದೆ. ಎರಡರ ನಡುವೆ ನೀರನ್ನು ಹಂಚುವುದಕ್ಕೆ ಮೋಟಾರು ಇರುವ ಮೂರು ಬಾಯಿಯ ವಾಲ್ವ್ ಒಂದಿದೆ. ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಷವರ್ ಬಳಸಿದರೆ ಎರಡನೆಯವರ ಸ್ನಾನ ಮುಗಿಯುವ ಹೊತ್ತಿಗೆ ನೀರು ಉಗುರುಬೆಚ್ಚಗಾಗುತ್ತದೆ. ಅಲ್ಲಿಂದ ಮುಂದೆ ಮತ್ತೊಬ್ಬರು ಸ್ನಾನ ಮಾಡುವಷ್ಟು ನೀರು ಕಾಯಲು ಹತ್ತಿರ ಹತ್ತಿರ ಎರಡು ಗಂಟೆ ಬೇಕಾಗುತ್ತದೆ. ಚಳಿಗಾಲದಲ್ಲಿ ರೇಡಿಯೇಟರ್‌ಗಳೂ ಚಾಲೂ ಇದ್ದರೆ ಇನ್ನೂ ನಿಧಾನ. ನೋಡಲು ಬಂದ ತಂತ್ರಜ್ಞರೊಬ್ಬರು 30 ಕಿಲೋವಾಟಿನ ಬಾಯ್ಲರ್ ಮತ್ತು 300 ಲೀಟರಿನ ಟ್ಯಾಂಕ್ ಹಾಕಿಸುವುದೇ ಪರಿಹಾರ ಎಂದರು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಇಲ್ಲಿನ ಅನುಭವಿಗಳ ಅಭಿಪ್ರಾಯ ತಿಳಿಯಬೇಕೆಂದಿದ್ದೇನೆ.

ಉಷ್ಣಲೆಕ್ಕ:
ಮೊದಲು ಲೆಕ್ಕ ಹಾಕೋಣ, ಏಕೆಂದರೆ ಈ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4.19 ಕಿಲೋಜೂಲ್ ಬೇಕು. 180 ಲೀಟರನ್ನು 15 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 9.4 ಕಿಲೋವಾಟ್ ಗಂಟೆಯಷ್ಟು ಶಾಖ ಬೇಕಾಗುತ್ತದೆ. ನಿಮ್ಮ ಬಾಯ್ಲರಿನ 24 ಕಿಲೋವಾಟ್ ಪೂರ್ತಿಯಾಗಿ ಟ್ಯಾಂಕಿಗೆ ಇಳಿದರೆ, ತಳದಿಂದ ತುದಿಯವರೆಗೆ ತಣ್ಣಗಾಗಿರುವ ಟ್ಯಾಂಕ್ ಕೂಡ 24 ನಿಮಿಷದೊಳಗೆ ಕಾಯಬೇಕು. ನೀವು ಎರಡು ಗಂಟೆ ಎನ್ನುತ್ತಿದ್ದೀರಿ. ಅಂದರೆ ಟ್ಯಾಂಕಿನ ನೀರಿಗೆ ಸೇರುತ್ತಿರುವ ಶಾಖ ಹೆಚ್ಚೆಂದರೆ 4.7 ಕಿಲೋವಾಟ್, ಬಾಯ್ಲರ್ ಕೊಡಬಲ್ಲದ್ದರ ಐದನೇ ಒಂದು ಪಾಲು. ಇರುವ 24ರಲ್ಲಿ 19 ಕಿಲೋವಾಟ್ ಬಳಕೆಗೇ ಬರುತ್ತಿಲ್ಲವೆಂದ ಮೇಲೆ ಇನ್ನೂ ಆರು ಸೇರಿಸಿ ಏನು ಪ್ರಯೋಜನ? ಶಾಖ ಎಲ್ಲಿ ತಡೆದು ನಿಲ್ಲುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು.

ಈ ಮೂರನ್ನು ತಿಳಿಸಿ: ಬಾಯ್ಲರಿನಲ್ಲಿ ಹೊರಹೋಗುವ ನೀರಿನ ಉಷ್ಣತೆಯನ್ನು ಎಷ್ಟಕ್ಕೆ ಇಟ್ಟಿದ್ದಾರೆ, ಟ್ಯಾಂಕಿನ ಥರ್ಮೋಸ್ಟಾಟ್ ಎಷ್ಟಕ್ಕಿದೆ, ಮತ್ತು ನೀರು ಕಾಯುತ್ತಿರುವಾಗ ಬಾಯ್ಲರ್ ಒಂದೇ ಸಮನೆ ಉರಿಯುತ್ತದೆಯೋ ಅಥವಾ ಕೆಲವು ನಿಮಿಷಕ್ಕೊಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆಯೋ?

ಹಳೆಯ ಕೊಳಾಯಿಗಾರ:
ಲೆಕ್ಕ ಸರಿಯಾಗಿದೆ. ಅದರ ಜೊತೆಗೆ ಎರಡು ಥರ್ಮಾಮೀಟರ್‌ಗಳೂ ಬೇಕು. ಪೈಪಿಗೆ ಕಟ್ಟುವಂಥವನ್ನು ತಂದು, ಟ್ಯಾಂಕಿನ ಕಾಯಿಲ್‌ಗೆ ಹೋಗುವ ಪೈಪಿಗೆ ಒಂದನ್ನೂ ಅಲ್ಲಿಂದ ಮರಳುವ ಪೈಪಿಗೆ ಇನ್ನೊಂದನ್ನೂ ಬಿಗಿಯಾಗಿ ಕಟ್ಟಿ, ಮೇಲೆ ಬಟ್ಟೆಯನ್ನೋ ಪೈಪಿನ ಸ್ಪಂಜು ಹೊದಿಕೆಯ ತುಂಡನ್ನೋ ಸುತ್ತಿ. ಹಾಗೆ ಸುತ್ತದಿದ್ದರೆ ಥರ್ಮಾಮೀಟರ್ ಅರ್ಧ ಪೈಪನ್ನೂ ಅರ್ಧ ಗಾಳಿಯನ್ನೂ ಅಳೆಯುತ್ತದೆ. ಟ್ಯಾಂಕ್ ತಣ್ಣಗಿರುವಾಗ ಶುರು ಮಾಡಿ, ಐದು ನಿಮಿಷಕ್ಕೊಮ್ಮೆ ಎರಡೂ ಅಂಕಿಗಳನ್ನು ಬರೆದಿಡಿ.

ಹೋಗುವ ಪೈಪ್ ಚೆನ್ನಾಗಿ ಬಿಸಿಯಾಗಿದ್ದು ಮರಳುವ ಪೈಪ್ ತಣ್ಣಗೇ ಉಳಿದರೆ ಕಾಯಿಲ್‌ನೊಳಗೆ ನೀರು ಸಾಕಷ್ಟು ಹರಿಯುತ್ತಿಲ್ಲ ಎಂದರ್ಥ. ಪಂಪಿನ ವೇಗ ಕಡಿಮೆ ಇರಬಹುದು, ವಾಲ್ವ್ ಅರ್ಧದಲ್ಲೇ ಸಿಕ್ಕಿಕೊಂಡಿರಬಹುದು, ಕಾಯಿಲ್‌ನ ಮೇಲ್ತುದಿಯಲ್ಲಿ ಗಾಳಿ ನಿಂತಿರಬಹುದು, ಇಲ್ಲವೇ ವ್ಯವಸ್ಥೆಯೊಳಗೆ ಕಬ್ಬಿಣದ ಕಪ್ಪು ಕೆಸರು ಕಟ್ಟಿಕೊಂಡಿರಬಹುದು. ಎರಡೂ ಪೈಪ್‌ಗಳು ಕೈ ಇಡಲಾಗದಷ್ಟು ಬಿಸಿಯಾಗಿ, ಅವುಗಳ ನಡುವೆ ಮೂರು ನಾಲ್ಕು ಡಿಗ್ರಿಯಷ್ಟೇ ಅಂತರವಿದ್ದು, ಬಾಯ್ಲರ್ ಆಗಾಗ ಆರಿ ಹೊತ್ತಿಕೊಳ್ಳುತ್ತಿದ್ದರೆ ನೀರು ಹರಿಯುತ್ತಿದೆ ಆದರೆ ಕಾಯಿಲ್ ಶಾಖವನ್ನು ಬಿಟ್ಟುಕೊಡುತ್ತಿಲ್ಲ. ಒಂದೋ ಅದು ಚಿಕ್ಕದು, ಇಲ್ಲವೇ ಅದರ ಮೇಲೆ ಸುಣ್ಣ ಕಟ್ಟಿದೆ. ಹೋಗುವ ಪೈಪೇ ಸಾಕಷ್ಟು ಬಿಸಿಯಾಗದಿದ್ದರೆ ಟ್ಯಾಂಕನ್ನು ದೂರುವುದು ಬೇಡ, ಬಾಯ್ಲರಿನ ಸೆಟ್ಟಿಂಗ್ ಮತ್ತು ವಾಲ್ವನ್ನು ನೋಡಿ.

ಬಾಯ್ಲರಿನ ಮುಚ್ಚಳ ತೆಗೆಯುವುದು, ಅನಿಲದ ಭಾಗವನ್ನು ಮುಟ್ಟುವುದು, ಟ್ಯಾಂಕಿನ ಒತ್ತಡ ಬಿಡುಗಡೆ ವಾಲ್ವಿಗೆ ಕೈ ಹಾಕುವುದು ಇವೆಲ್ಲ ಪರವಾನಗಿ ಇರುವವರ ಕೆಲಸ. ಪೈಪಿಗೆ ಥರ್ಮಾಮೀಟರ್ ಕಟ್ಟುವುದನ್ನು ಯಾರು ಬೇಕಾದರೂ ಮಾಡಬಹುದು.

ತಂಪುನಲ್ಲಿ:
ಅಳೆದು ನೋಡಿದೆ. ಬಾಯ್ಲರಿನ ನೀರಿನ ಉಷ್ಣತೆ 55ಕ್ಕಿದೆ. ಹಿಂದಿನ ವಾರ್ಷಿಕ ಸೇವೆಗೆ ಬಂದವರು ಅನಿಲ ಉಳಿಯುತ್ತದೆಂದು ಅದನ್ನು ಅಷ್ಟಕ್ಕೆ ಇಳಿಸಿ ಹೋಗಿದ್ದರು. ಟ್ಯಾಂಕಿನ ಥರ್ಮೋಸ್ಟಾಟ್ 60ಕ್ಕಿದೆ. ರೇಡಿಯೇಟರ್‌ಗಳು ಚಾಲೂ ಇದ್ದಾಗ ಕಾಯಿಲ್‌ಗೆ ಹೋಗುವ ಪೈಪ್ 54ಕ್ಕೆ ಏರಿತು, ಮರಳುವ ಪೈಪ್ 47ರಲ್ಲಿತ್ತು. ಹೊತ್ತು ಕಳೆದಂತೆ ಅಂತರ ಕಡಿಮೆಯಾಗುತ್ತಾ ಹೋಯಿತು, ಟ್ಯಾಂಕ್ ಮಾತ್ರ 52ನ್ನು ದಾಟಲೇ ಇಲ್ಲ. ಬಾಯ್ಲರ್ ಸಣ್ಣ ಉರಿಯಲ್ಲಿ ಸತತವಾಗಿ ಉರಿಯುತ್ತಲೇ ಇರುತ್ತದೆ.

ಉಷ್ಣಲೆಕ್ಕ:
ಇದರಲ್ಲಿ ಎಲ್ಲವೂ ಹೊಂದಿಕೊಳ್ಳುತ್ತದೆ. 4.7 ಕಿಲೋವಾಟ್ ಶಾಖವನ್ನು ಏಳು ಡಿಗ್ರಿ ಅಂತರದಲ್ಲಿ ಸಾಗಿಸುವ ನೀರಿನ ಹರಿವು ನಿಮಿಷಕ್ಕೆ ಸುಮಾರು 10 ಲೀಟರ್. ಉಳಿದ ಹರಿವು ರೇಡಿಯೇಟರ್‌ಗಳ ಕಡೆ ಹೋಗುತ್ತಿದೆ, ಏಕೆಂದರೆ ಎರಡೂ ಕಡೆಯಿಂದ ಬೇಡಿಕೆ ಬಂದಾಗ ನಿಮ್ಮ ವಾಲ್ವ್ ಮಧ್ಯದಲ್ಲಿ ನಿಂತು ನೀರನ್ನು ಹಂಚುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಉಷ್ಣತೆಯದು. ಕಾಯಿಲ್ ಎಷ್ಟು ಶಾಖ ಕೊಡುತ್ತದೆ ಎಂಬುದು, ಒಳಗೆ ಹರಿಯುವ ನೀರಿಗೂ ಹೊರಗಿನ ಟ್ಯಾಂಕಿನ ನೀರಿಗೂ ಇರುವ ಉಷ್ಣತೆಯ ಅಂತರವನ್ನು ಹೆಚ್ಚುಕಡಿಮೆ ನೇರವಾಗಿ ಅನುಸರಿಸುತ್ತದೆ. ಟ್ಯಾಂಕಿನ ನೀರು 40 ಡಿಗ್ರಿಗೆ ಬಂದಿರುವ ಹೊತ್ತನ್ನು ತೆಗೆದುಕೊಳ್ಳಿ. 54ರಲ್ಲಿ ಒಳಹೊಕ್ಕು 47ರಲ್ಲಿ ಹೊರಬರುವ ನೀರಿನ ಸರಾಸರಿ 50.5, ಅಂದರೆ ಅಂತರ ಹತ್ತೂವರೆ ಡಿಗ್ರಿ. ಅದೇ ಕಾಯಿಲ್‌ಗೆ 72ರ ನೀರು ಹೊಕ್ಕು 62ರಲ್ಲಿ ಹೊರಬಂದರೆ ಸರಾಸರಿ 67, ಅಂತರ 27. ಟ್ಯಾಂಕನ್ನೂ ಬಾಯ್ಲರನ್ನೂ ಬದಲಿಸದೆ ಶಾಖದ ಸಾಗಣೆ ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಾಗುತ್ತದೆ. ಇನ್ನು 55ರ ನೀರಿನಿಂದ 60ರ ಟ್ಯಾಂಕ್ ಎಂದಿಗೂ ಆಗದು. ಥರ್ಮೋಸ್ಟಾಟ್ ತೃಪ್ತಿಯಾಗುವುದಿಲ್ಲ, ವಾಲ್ವ್ ಮುಚ್ಚುವುದಿಲ್ಲ, ಬಾಯ್ಲರ್ ಹಗಲಿಡೀ ಸಣ್ಣಗೆ ಉರಿಯುತ್ತಿರುತ್ತದೆ. ನೀವು ನೋಡಿದ್ದು ಇದನ್ನೇ.

ಎರಡು ಸ್ನಾನದ ಲೆಕ್ಕವೂ ಇಲ್ಲೇ ಸಿಗುತ್ತದೆ. ಟ್ಯಾಂಕ್ 52ರಲ್ಲಿ ನಿಂತಿದ್ದು ತಣ್ಣೀರು 15ರಲ್ಲಿದ್ದರೆ, 180 ಲೀಟರಿನಿಂದ 40 ಡಿಗ್ರಿಯ ಸ್ನಾನದ ನೀರು ಸಿದ್ಧಾಂತದಲ್ಲಿ 266 ಲೀಟರ್ ಸಿಗಬೇಕು. ತಳದಲ್ಲಿ ತಣ್ಣೀರು ಬೆರೆಯುವುದರಿಂದ ಕೈಗೆ ಸಿಗುವುದು ಅದರ ಶೇಕಡಾ 80ರಷ್ಟು ಎಂದಿಟ್ಟುಕೊಂಡರೆ 213 ಲೀಟರ್. ನಿಮಿಷಕ್ಕೆ 12 ಲೀಟರ್ ಸುರಿಸುವ ಷವರ್ ಹತ್ತು ನಿಮಿಷಕ್ಕೆ 120 ಲೀಟರ್ ಕುಡಿಯುತ್ತದೆ, ಇಬ್ಬರಿಗೆ 240. ಎರಡನೆಯವರ ಕೊನೆಯ ನಿಮಿಷಗಳಲ್ಲಿ ನೀರು ತಣ್ಣಗಾಗದೆ ಇನ್ನೇನಾದೀತು? ಟ್ಯಾಂಕ್ ನಿಜವಾಗಿ 60ಕ್ಕೆ ಬಂದರೆ ಅದೇ ಲೆಕ್ಕದಲ್ಲಿ ಸುಮಾರು 260 ಲೀಟರ್ ಸಿಗುತ್ತದೆ.

ಶಾಖಪಂಪು:
ನಾನು ಇಲ್ಲಿ ಒಪ್ಪುವುದಿಲ್ಲ. ಸೇವೆಗೆ ಬಂದವರು 55ಕ್ಕೆ ಇಳಿಸಿದ್ದು ಸರಿಯಾದ ಕೆಲಸ. ಅನಿಲ ಉರಿದು ಬರುವ ಹೊಗೆಯಲ್ಲಿರುವ ನೀರಾವಿ ಹನಿಗಟ್ಟಬೇಕಾದರೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು, ಮತ್ತು ಕಂಡೆನ್ಸಿಂಗ್ ಬಾಯ್ಲರಿನ ಲಾಭವೆಲ್ಲ ಇರುವುದು ಅಲ್ಲೇ. 72ಕ್ಕೆ ಏರಿಸಿ ಎಂದರೆ ಆ ಲಾಭವನ್ನು ಕೈಚೆಲ್ಲಿದಂತೆ. ನನ್ನ ಮನೆಯಲ್ಲಿ 8 ಕಿಲೋವಾಟಿನ ಹೀಟ್ ಪಂಪ್ (ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಗೆ ಎಳೆದು ತರುವ ಯಂತ್ರ) ಇದೆ. ಅದು 55ಕ್ಕಿಂತ ಮೇಲೆ ಹೋಗುವುದನ್ನು ನಾನು ಬಯಸುವುದಿಲ್ಲ, ಆದರೂ 200 ಲೀಟರಿನ ಟ್ಯಾಂಕ್ 50 ಡಿಗ್ರಿಗೆ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಬರುತ್ತದೆ. ಟ್ಯಾಂಕಿನ ಥರ್ಮೋಸ್ಟಾಟನ್ನೇ 50ಕ್ಕೆ ಇಳಿಸಬಾರದೇಕೆ?

ಹಳೆಯ ಕೊಳಾಯಿಗಾರ:
ನಿಮ್ಮ ಟ್ಯಾಂಕಿನ ಕಾಯಿಲ್ ಎಷ್ಟು ದೊಡ್ಡದೆಂದು ಅದರ ಫಲಕದಲ್ಲಿ ನೋಡಿ. ಹೀಟ್ ಪಂಪಿಗೆಂದೇ ಮಾಡಿದ ಟ್ಯಾಂಕುಗಳಲ್ಲಿ ಕಾಯಿಲ್‌ನ ಮೇಲ್ಮೈ ಎರಡು ಮೂರು ಚದರ ಮೀಟರ್ ಇರುತ್ತದೆ, ಬಾಯ್ಲರಿಗೆಂದು ಮಾಡಿದ ಸಾಮಾನ್ಯ ಟ್ಯಾಂಕಿನಲ್ಲಿ ಒಂದು ಚದರ ಮೀಟರಿನ ಆಸುಪಾಸು. ಕಡಿಮೆ ಉಷ್ಣತೆಯ ನೀರಿನಿಂದ ಬೇಗ ಕಾಯಿಸಬೇಕಾದರೆ ಮೇಲ್ಮೈ ಹೆಚ್ಚಿರಲೇಬೇಕು. ನಿಮಗೆ ಅದಿದೆ, ಪ್ರಶ್ನೆ ಕೇಳಿದವರಿಗೆ ಇಲ್ಲ.

ಉಷ್ಣಲೆಕ್ಕ:
ಕಂಡೆನ್ಸಿಂಗ್ ಬಗ್ಗೆ ಹೇಳಿದ್ದು ರೇಡಿಯೇಟರ್‌ಗಳಿಗೆ ಸಂಬಂಧಿಸಿ ಪೂರ್ತಿ ನಿಜ. ಅವು ದಿನಕ್ಕೆ ಹಲವು ಗಂಟೆ ನಡೆಯುವುದರಿಂದ ಅಲ್ಲಿ 55 ಅಥವಾ ಅದಕ್ಕಿಂತ ಕಡಿಮೆಯೇ ಇರಲಿ. ಟ್ಯಾಂಕ್ ಕಾಯುವುದು ದಿನಕ್ಕೆ ಒಂದೆರಡು ಬಾರಿ, ಪ್ರತಿ ಬಾರಿ ಅರ್ಧ ಮುಕ್ಕಾಲು ಗಂಟೆ ಮಾತ್ರ. ಅದರಲ್ಲೂ ಟ್ಯಾಂಕಿನ ತಳ ತಣ್ಣಗಿರುವ ಮೊದಲ ನಿಮಿಷಗಳಲ್ಲಿ ಮರಳುವ ನೀರು ಸಾಕಷ್ಟು ತಂಪಾಗಿಯೇ ಬರುತ್ತದೆ. ಆದ್ದರಿಂದ ಎರಡು ಕೆಲಸಗಳಿಗೂ ಒಂದೇ ಉಷ್ಣತೆ ಇಡುವ ಪದ್ಧತಿಯನ್ನು ಬಿಟ್ಟು, ರೇಡಿಯೇಟರಿಗೆ 50ರಿಂದ 55, ಟ್ಯಾಂಕಿಗೆ 70ರಿಂದ 75 ಎಂದು ಬೇರೆ ಬೇರೆ ಇಡುವುದೇ ಸರಿಯಾದ ದಾರಿ. ಈಗಿನ ಬಹುತೇಕ ಬಾಯ್ಲರ್‌ಗಳಲ್ಲಿ ಇದಕ್ಕೆ ಅವಕಾಶವಿರುತ್ತದೆ, ಆದರೆ ಹಳೆಯ ಮಾದರಿಯ ವೈರಿಂಗ್‌ಗೆ ಜೋಡಿಸಿದಾಗ ಅದು ಬಳಕೆಯಾಗದೆ ಉಳಿದುಬಿಡುತ್ತದೆ. ಜೊತೆಗೆ ಬಿಸಿನೀರಿಗೆ ಆದ್ಯತೆ ಕೊಡಬೇಕು: ಟ್ಯಾಂಕ್ ಶಾಖ ಕೇಳಿದಾಗ ವಾಲ್ವ್ ರೇಡಿಯೇಟರ್‌ಗಳನ್ನು ಪೂರ್ತಿ ಮುಚ್ಚಿ, ಎಲ್ಲ ಹರಿವನ್ನೂ ಕಾಯಿಲ್‌ಗೆ ತಿರುಗಿಸಬೇಕು. ಅಷ್ಟು ಹೊತ್ತು ರೇಡಿಯೇಟರ್ ನಿಂತರೆ ಸಾಧಾರಣ ಮಟ್ಟಿಗೆ ಶಾಖನಿರೋಧವಿರುವ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಟ್ಯಾಂಕನ್ನು 50ಕ್ಕೆ ಇಳಿಸುವುದರಲ್ಲಿ ಎರಡು ತೊಂದರೆಗಳಿವೆ. ಒಂದು, ಅದೇ ಟ್ಯಾಂಕಿನಿಂದ ಸಿಗುವ ಸ್ನಾನದ ನೀರು 260 ಲೀಟರಿನಿಂದ ಸುಮಾರು 200ಕ್ಕೆ ಇಳಿಯುತ್ತದೆ. ಇನ್ನೊಂದು, ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಡುವೆ ಬೆಳೆಯುತ್ತದೆ. 50ರಲ್ಲಿ ಬೆಳವಣಿಗೆ ನಿಂತರೂ ಟ್ಯಾಂಕಿನ ತಳಭಾಗ 50ರಲ್ಲಿ ಇರುವುದಿಲ್ಲವಲ್ಲ. ಸಂಗ್ರಹವನ್ನು 60ರಲ್ಲಿಡುವುದು ರೂಢಿಯಾಗಿರುವುದು ಈ ಕಾರಣಕ್ಕೇ. ಹೀಟ್ ಪಂಪ್ ಇರುವವರು ವಾರಕ್ಕೊಮ್ಮೆ ಇಮ್ಮರ್ಶನ್ ಹೀಟರ್ ಹಾಕಿ 60ಕ್ಕೆ ಏರಿಸುವುದೂ ಇದಕ್ಕಾಗಿಯೇ.

ಶಾಖಪಂಪು:
ವಾರಕ್ಕೊಮ್ಮೆ ಏರಿಸುತ್ತೇನೆ, ಅದನ್ನು ಬರೆಯಲಿಲ್ಲ ಅಷ್ಟೇ. ಎರಡು ಉಷ್ಣತೆಗಳ ಮಾತನ್ನು ಒಪ್ಪುತ್ತೇನೆ. ಹೀಟ್ ಪಂಪ್ ಇರುವ ಓದುಗರಿಗೆ ಒಂದು ಮಾತು: ಬಾಯ್ಲರಿನಂತೆ ಬೇಕೆಂದಾಗ ಬೇಗ ಕಾಯಿಸುವುದು ಇದರಿಂದ ಆಗುವ ಕೆಲಸವಲ್ಲ. ಸ್ನಾನದ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಕಾಯಿಸಿ ಮುಗಿಸುವಂತೆ ಸಮಯ ನಿಗದಿಪಡಿಸಿ, ಟ್ಯಾಂಕನ್ನು ಒಂದು ಅಳತೆ ದೊಡ್ಡದಾಗಿಯೇ ಆರಿಸಿಕೊಳ್ಳಿ. ಇಲ್ಲಿ ಸಂಗ್ರಹವೇ ಬಲ.

ಗಡಸುನೀರು:
ಉಷ್ಣತೆಯನ್ನು 72ಕ್ಕೆ ಏರಿಸಿದ ಮೇಲೂ ಕಾಯುವುದು ನಿಧಾನವಾಗಿಯೇ ಇದ್ದರೆ ಸುಣ್ಣವನ್ನು ಮರೆಯಬೇಡಿ. ಗಡಸು ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು, ಎಲ್ಲಕ್ಕಿಂತ ಬಿಸಿಯಾದ ಮೇಲ್ಮೈಯ ಮೇಲೆ ಕೂರುತ್ತದೆ. ಟ್ಯಾಂಕಿನಲ್ಲಿ ಆ ಮೇಲ್ಮೈ ಎಂದರೆ ಕಾಯಿಲೇ. ನೀರಿನ ಉಷ್ಣತೆ 60ನ್ನು ಮೀರಿದಷ್ಟೂ ಇದು ಚುರುಕಾಗುತ್ತದೆ. ತಾಮ್ರದ ಮೂಲಕ ಶಾಖ ಹರಿಯುವ ಸುಲಭಕ್ಕೆ ಹೋಲಿಸಿದರೆ ಸುಣ್ಣದ ಪದರ ನೂರಾರು ಪಟ್ಟು ಹಿಂದೆ, ಹಾಗಾಗಿ ಒಂದೆರಡು ಮಿಲಿಮೀಟರ್ ಕೂಡ ಸಣ್ಣದಲ್ಲ.

ನಮ್ಮ ಮನೆಯ ಟ್ಯಾಂಕಿನ ಇಮ್ಮರ್ಶನ್ ಹೀಟರನ್ನು ಬದಲಿಸಲು ಬಿಚ್ಚಿದಾಗ ಆ ತೂತಿನಲ್ಲಿ ಟಾರ್ಚ್ ಬಿಟ್ಟು ಇಣುಕಿದೆ. ಕಾಯಿಲ್‌ನ ಸುತ್ತುಗಳ ನಡುವಿನ ಸಂದುಗಳೇ ಕಾಣುತ್ತಿರಲಿಲ್ಲ. ಬೂದು ಬಿಳಿಯ ಗಟ್ಟಿ ಪದರ ಸುತ್ತುಗಳನ್ನೆಲ್ಲ ಒಂದೇ ಕೊಳವೆಯಂತೆ ಬೆಸೆದಿತ್ತು, ತಳದಲ್ಲಿ ಒಂದು ಗೇಣಿನಷ್ಟು ಚಕ್ಕೆಗಳು ಬಿದ್ದಿದ್ದವು. ಬೆರಳಿಗೆ ಸಿಕ್ಕ ಚಕ್ಕೆಯೊಂದರ ಒಳಬದಿಯಲ್ಲಿ ತಾಮ್ರದ ಕೊಳವೆಯ ಬಾಗು ಅಚ್ಚೊತ್ತಿದಂತೆ ಮೂಡಿತ್ತು. ಅಷ್ಟು ಕಟ್ಟಿದ ಮೇಲೆ ಆಮ್ಲದಿಂದ ತೊಳೆಸುವುದಕ್ಕಿಂತ ಟ್ಯಾಂಕ್ ಬದಲಿಸುವುದೇ ವಾಸಿ ಎಂದು ಕೆಲಸಗಾರರು ಹೇಳಿದರು, ನಮಗೂ ಅದು ಸರಿ ಎನಿಸಿತು. ಹೊಸ ಟ್ಯಾಂಕಿನ ಜೊತೆಗೆ ನೀರು ಮೆದುಗೊಳಿಸುವ ಉಪಕರಣವನ್ನೂ ಹಾಕಿಸಿದೆವು.

ಎರಡನೇಮಹಡಿ:
ನನ್ನದೂ ಹತ್ತಿರದ ಪ್ರಶ್ನೆ. ಟ್ಯಾಂಕ್ ಬೇಗನೆ ಕಾಯುತ್ತದೆ, ಆದರೆ ಮೇಲಿನ ಬಚ್ಚಲಿಗೆ ಬಿಸಿನೀರು ತಲುಪಲು ನಲ್ಲಿ ಬಿಟ್ಟುಕೊಂಡು ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹೊತ್ತು ನಿಲ್ಲಬೇಕು. ಪೈಪಿನಲ್ಲಿ ಬಿಸಿನೀರನ್ನು ಸುತ್ತಿಸುತ್ತಿರುವ ಪರಿಚಲನೆಯ ಪಂಪ್ ಹಾಕಿಸಬೇಕೇ?

ಹಳೆಯ ಕೊಳಾಯಿಗಾರ:
ಪೈಪಿನ ಅಳತೆ ಮೊದಲು ನೋಡಿ. 22 ಮಿಲಿಮೀಟರಿನ ತಾಮ್ರದ ಪೈಪ್ ಮೀಟರಿಗೆ 0.32 ಲೀಟರ್ ನೀರನ್ನು ಹಿಡಿದಿಡುತ್ತದೆ, 15 ಮಿಲಿಮೀಟರಿನದು 0.145 ಲೀಟರ್ ಮಾತ್ರ. ಟ್ಯಾಂಕಿನಿಂದ ನಲ್ಲಿಗೆ 15 ಮೀಟರ್ ದೂರವಿದ್ದರೆ ದಪ್ಪ ಪೈಪಿನಲ್ಲಿ ಸುಮಾರು 4.8 ಲೀಟರ್ ತಣ್ಣೀರು ಹೊರಬರುವವರೆಗೆ ಕಾಯಬೇಕು. ನಿಮಿಷಕ್ಕೆ 6 ಲೀಟರ್ ಬಿಡುವ ನಲ್ಲಿಗೆ ಅದು 48 ಸೆಕೆಂಡು. ಒಂದೇ ಬೇಸಿನ್ ಮತ್ತು ಒಂದೇ ಷವರ್ ಇರುವ ಬಚ್ಚಲಿಗೆ 15ರ ಪೈಪ್ ಸಾಕಾಗುವುದಾದರೆ ಕಾಯುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಪರಿಚಲನೆಯ ಪಂಪ್ ಹಾಕಿಸಿದರೆ ಅದಕ್ಕೆ ಟೈಮರ್ ಮತ್ತು ಉಷ್ಣತೆಯ ಸ್ವಿಚ್ ಎರಡೂ ಇರಲಿ, ಪೈಪಿಗೆ ಉದ್ದಕ್ಕೂ ಹೊದಿಕೆ ಇರಲಿ. ಹಗಲೂ ರಾತ್ರಿ ತಿರುಗುವ ಪಂಪ್ ಪೈಪಿನ ಗೋಡೆಗಳಿಂದ ಶಾಖ ಕಳೆಯುವುದಷ್ಟೇ ಅಲ್ಲ, ಟ್ಯಾಂಕಿನ ಮೇಲಿನ ಬಿಸಿನೀರನ್ನೂ ಕೆಳಗಿನ ತಣ್ಣೀರನ್ನೂ ಕಲಕಿ ಇಡೀ ಟ್ಯಾಂಕನ್ನು ಉಗುರುಬೆಚ್ಚಗೆ ಮಾಡುತ್ತದೆ. ಟ್ಯಾಂಕಿನಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರಪದರವಾಗಿ ನಿಂತಿರುವುದರಿಂದಲೇ ನಮಗೆ ಕೊನೆಯವರೆಗೂ ಬಿಸಿನೀರು ಸಿಗುವುದು.

ಷವರಿನಲ್ಲೇ:
ನಮ್ಮ ಮನೆಯಲ್ಲಿ ಟ್ಯಾಂಕ್ ಇಲ್ಲ, ನೀರನ್ನು ಸಂಗ್ರಹಿಸದೆ ಬಳಸುವಾಗಲೇ ಕಾಯಿಸುವ ಕಾಂಬಿ ಬಾಯ್ಲರ್ ಇದೆ. ಅದು 24 ಕಿಲೋವಾಟ್. ಬೇಸಿಗೆಯಲ್ಲಿ ಧಾರಾಳವಾಗಿ ಬರುವ ನೀರು ಚಳಿಗಾಲದಲ್ಲಿ ತೆಳ್ಳಗಾಗುತ್ತದೆ. ಇದು ದೋಷವೇ?

ಉಷ್ಣಲೆಕ್ಕ:
ದೋಷವಲ್ಲ. ತಣ್ಣೀರು 20 ಡಿಗ್ರಿಯಲ್ಲಿ ಬಂದರೆ 24 ಕಿಲೋವಾಟ್ ನಿಮಿಷಕ್ಕೆ ಸುಮಾರು 17 ಲೀಟರ್ ನೀರನ್ನು 40ಕ್ಕೆ ಕಾಯಿಸಬಲ್ಲದು, 5 ಡಿಗ್ರಿಯಲ್ಲಿ ಬಂದರೆ 10 ಲೀಟರ್ ಕೂಡ ಆಗುವುದಿಲ್ಲ. ನೀರು ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಎಂದು ಏರಿಳಿಯತೊಡಗಿದರೆ ಆಗ ಒಳಗಿನ ಪ್ಲೇಟ್ ಶಾಖವಿನಿಮಯಕದಲ್ಲಿ (ಬಾಯ್ಲರಿನ ಶಾಖವನ್ನು ನಲ್ಲಿಯ ನೀರಿಗೆ ದಾಟಿಸುವ ಭಾಗ) ಸುಣ್ಣ ಕಟ್ಟಿದೆಯೇ ಎಂದು ನೋಡಿಸಿ.

ತಂಪುನಲ್ಲಿ:
ಬಾಯ್ಲರಿನ ನಿಯಂತ್ರಣವನ್ನು ಬದಲಿಸಿದ್ದಾಯಿತು. ಹೊಸ ನಿಯಂತ್ರಕ ಬಿಸಿನೀರಿಗೆ ಆದ್ಯತೆ ಕೊಡುತ್ತದೆ. ಟ್ಯಾಂಕ್ ಕಾಯುವಾಗ ಬಾಯ್ಲರ್ 72ಕ್ಕೆ ಏರುತ್ತದೆ, ರೇಡಿಯೇಟರ್‌ಗಳಿಗೆ 52ಕ್ಕೆ ಇಳಿಯುತ್ತದೆ. ಮೂರು ಬಾಯಿಯ ವಾಲ್ವನ್ನೂ ಮಧ್ಯದಲ್ಲಿ ನಿಲ್ಲದ ಬಗೆಗೆ ಬದಲಿಸಿದರು. ಎರಡು ಸ್ನಾನಗಳಾದ ಮೇಲೆ ಟ್ಯಾಂಕ್ ಮತ್ತೆ 60ಕ್ಕೆ ಬರಲು ಈಗ ಮೂವತ್ತೈದು ನಿಮಿಷ ಬೇಕಾಗುತ್ತದೆ. ಪೈಪ್‌ಗಳಲ್ಲಿ 72 ಮತ್ತು 61 ಕಾಣುತ್ತದೆ, ಬಾಯ್ಲರ್ ಆರಿ ಹೊತ್ತಿಕೊಳ್ಳದೆ ಒಂದೇ ಸಮನೆ ಉರಿಯುತ್ತದೆ. ಇಷ್ಟಾದರೂ ಬಾಯ್ಲರ್ ತನ್ನ ಪೂರ್ಣ 24 ಕಿಲೋವಾಟಿಗೆ ಏರುತ್ತಿಲ್ಲವಲ್ಲ, ಇದು ಸುಣ್ಣದ ಲಕ್ಷಣವೇ? ಮೂವರು ಸಾಲಾಗಿ ಸ್ನಾನ ಮಾಡಿದರೆ ಕೊನೆಯವರಿಗೆ ಈಗಲೂ ಕಡಿಮೆಯಾಗುತ್ತದೆ.

ಉಷ್ಣಲೆಕ್ಕ:
ಸುಣ್ಣವೆಂದು ಹೇಳಲು ಕಾರಣ ಕಾಣುತ್ತಿಲ್ಲ. 240 ಲೀಟರ್ ಸ್ನಾನದ ನೀರಿನಲ್ಲಿ ಹೋದ ಶಾಖ ಸುಮಾರು 7 ಕಿಲೋವಾಟ್ ಗಂಟೆ. ಅದನ್ನು ಮೂವತ್ತೈದು ನಿಮಿಷದಲ್ಲಿ ತುಂಬಿಸುತ್ತಿರುವ ನಿಮ್ಮ ಕಾಯಿಲ್ 12ರಿಂದ 13 ಕಿಲೋವಾಟ್ ಕೊಡುತ್ತಿದೆ. ಹಿಂದಿನ ಅಳತೆಯಿಂದ ಅಂದಾಜು ಮಾಡಿದ್ದೂ ಅಷ್ಟನ್ನೇ. ಆ ಗಾತ್ರದ ಕಾಯಿಲ್‌ನ ಮಿತಿ ಇದು, ಬಾಯ್ಲರ್ ಅದಕ್ಕೆ ತಕ್ಕಂತೆ ತನ್ನ ಉರಿಯನ್ನು ತಗ್ಗಿಸಿಕೊಳ್ಳುತ್ತಿದೆ. 30 ಕಿಲೋವಾಟಿನ ಬಾಯ್ಲರ್ ತಂದಿದ್ದರೆ ಅದೂ ಇದೇ ಹದಿಮೂರಕ್ಕೆ ತಗ್ಗಿ ಕೂರುತ್ತಿತ್ತು.

ಮೂರನೆಯವರ ವಿಷಯಕ್ಕೆ ಬರೋಣ. 15 ಡಿಗ್ರಿಯ ನೀರನ್ನು 40ಕ್ಕೆ ತಂದು ನಿಮಿಷಕ್ಕೆ 12 ಲೀಟರ್ ಸುರಿಸುವ ಷವರ್ 21 ಕಿಲೋವಾಟ್ ಶಾಖವನ್ನು ಎಳೆಯುತ್ತದೆ. ಕಾಯಿಲ್ ಕೊಡುವುದು 13, ಹೀಗಾಗಿ ಕೊರತೆ ಬೆಳೆಯುತ್ತಲೇ ಹೋಗುತ್ತದೆ. ನಿಮಿಷಕ್ಕೆ 8 ಲೀಟರಿನ ಷವರ್ ತಲೆ ಹಾಕಿದರೆ ಬೇಕಾಗುವುದು 14 ಕಿಲೋವಾಟ್. ಕಾಯಿಲ್ ಕೊಡುವುದಕ್ಕೂ ಷವರ್ ಎಳೆಯುವುದಕ್ಕೂ ಆಗ ಹೆಚ್ಚು ವ್ಯತ್ಯಾಸವಿಲ್ಲ, ಟ್ಯಾಂಕ್ ಬರಿದಾಗುವುದು ಬಹಳ ನಿಧಾನ. ಆದರೆ ಇದಕ್ಕೊಂದು ಷರತ್ತಿದೆ: ಮೊದಲನೆಯವರ ಸ್ನಾನದ ಆರಂಭದಲ್ಲೇ ಬಾಯ್ಲರ್ ಹೊತ್ತಿಕೊಳ್ಳಬೇಕು. ಥರ್ಮೋಸ್ಟಾಟ್ ಟ್ಯಾಂಕಿನ ಯಾವ ಎತ್ತರದಲ್ಲಿದೆ?

ತಂಪುನಲ್ಲಿ:
ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ, ಪಟ್ಟಿಯಿಂದ ಬಿಗಿದಿದ್ದಾರೆ. ಎರಡನೆಯವರು ಸ್ನಾನಕ್ಕೆ ಹೋದ ಮೇಲಷ್ಟೇ ಬಾಯ್ಲರ್ ಹೊತ್ತಿಕೊಳ್ಳುವ ಸದ್ದು ಕೇಳುತ್ತದೆ.

ಹಳೆಯ ಕೊಳಾಯಿಗಾರ:
ಅಲ್ಲೇ ಸಿಕ್ಕಿತು. ತಣ್ಣೀರು ತಳದಿಂದ ಏರುತ್ತಾ ನಡುವಿಗೆ ಬರುವವರೆಗೆ ಥರ್ಮೋಸ್ಟಾಟಿಗೆ ಏನೂ ತಿಳಿಯುವುದಿಲ್ಲ. ಅರ್ಧ ಟ್ಯಾಂಕ್ ಖಾಲಿಯಾದ ಮೇಲೆ ಕಾಯಿಸಲು ಶುರು ಮಾಡಿದರೆ ಮೊದಲ ಹತ್ತು ನಿಮಿಷ ದಂಡವಾದಂತೆ. ಅದನ್ನು ತಳದಿಂದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಇಳಿಸಿ. ಹೊರಗಿನ ಫೋಮ್ ಹೊದಿಕೆಯನ್ನು ಆ ಅಳತೆಗೆ ಕತ್ತರಿಸಿ, ಥರ್ಮೋಸ್ಟಾಟಿನ ಬೆನ್ನು ಬರಿಯ ಲೋಹಕ್ಕೆ ಪೂರ್ತಿ ತಾಗುವಂತೆ ಕೂರಿಸಬೇಕು. ನಡುವೆ ಒಂದು ಚೂರು ಫೋಮ್ ಉಳಿದರೂ ಅದು ಐದಾರು ಡಿಗ್ರಿ ತಪ್ಪಾಗಿ ಓದುತ್ತದೆ. ವೈರು ಇರುವುದರಿಂದ ವಿದ್ಯುತ್ ಕಡಿದೇ ಕೆಲಸ ಮಾಡಿಸಿ. ಪಂಪಿನ ವೇಗವನ್ನು ಒಂದು ಹಂತ ಏರಿಸಿದರೂ ಲಾಭವಾಗಬಹುದು, ಹರಿವಿನ ಶಬ್ದ ಕೇಳಿಸತೊಡಗಿದರೆ ಹಿಂದಕ್ಕೆ ಇಳಿಸಿ.

ಇನ್ನೊಂದು ವಿಷಯ. ನಿಮ್ಮ ಟ್ಯಾಂಕ್ ಈಗ ನಿಜವಾಗಿ 60ರಲ್ಲಿದೆ, ಮೊದಲು ಇರಲಿಲ್ಲ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಮಕ್ಕಳು ಅಥವಾ ವಯಸ್ಸಾದವರು ಬಳಸುವ ಬಚ್ಚಲಿಗೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ (ತಣ್ಣೀರು ಬೆರೆಸಿ ನೀರನ್ನು ಸುಡದ ಉಷ್ಣತೆಗೆ ತರುವ ವಾಲ್ವ್) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಉಳಿದದ್ದು ಆಮೇಲೆ.

ಗಡಸುನೀರು:
ಮಿಕ್ಸಿಂಗ್ ವಾಲ್ವ್ ಇರುವವರಿಗೂ ಒಂದು ಪರೀಕ್ಷೆ ಉಪಯುಕ್ತ. ಅದರೊಳಗಿನ ಹಿಮ್ಮುಖ ತಡೆ ಕೆಟ್ಟರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಟ್ಯಾಂಕ್ ತುಂಬಾ ಬಿಸಿನೀರಿದ್ದರೂ ನಲ್ಲಿಯಲ್ಲಿ ಉಗುರುಬೆಚ್ಚಗೆ ಬರುತ್ತದೆ. ಟ್ಯಾಂಕಿಗೆ ಬರುವ ತಣ್ಣೀರಿನ ವಾಲ್ವನ್ನಷ್ಟೇ ಮುಚ್ಚಿ, ಯಾವುದಾದರೂ ಬಿಸಿನೀರಿನ ನಲ್ಲಿಯನ್ನು ತೆರೆಯಿರಿ. ಸ್ವಲ್ಪ ಹೊತ್ತಿಗೆ ಹರಿವು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ಅಡ್ಡದಾರಿಯಲ್ಲಿ ಬರುತ್ತಿದೆ, ಷವರಿನ ಮಿಕ್ಸರ್‌ಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ನೀರು ನಿಂತ ಮೇಲೆ ವಾಲ್ವನ್ನು ಮತ್ತೆ ತೆರೆಯುವುದನ್ನು ಮರೆಯಬೇಡಿ.

ತಂಪುನಲ್ಲಿ:
ಥರ್ಮೋಸ್ಟಾಟನ್ನು ಕೆಳಗಿಳಿಸಿ, 8 ಲೀಟರಿನ ಷವರ್ ತಲೆ ಹಾಕಿದ ಮೇಲೆ ಮೂವರ ಸ್ನಾನ ಸಾಲಾಗಿ ಮುಗಿಯಿತು, ಕೊನೆಯವರಿಗೂ ನೀರು ಬಿಸಿಯಾಗಿಯೇ ಇತ್ತು. ಮಿಕ್ಸಿಂಗ್ ವಾಲ್ವ್ ಹಾಕಿಸಲು ಹೇಳಿದ್ದೇನೆ. ಒಂದೇ ಒಂದು ಸಂಶಯ ಉಳಿದಿದೆ: ಟ್ಯಾಂಕ್ 60 ಮುಟ್ಟಿ ಬಾಯ್ಲರ್ ಆರಿದ ಮೇಲೂ ಪಂಪ್ ಕೆಲವು ನಿಮಿಷ ತಿರುಗುತ್ತಿರುತ್ತದೆ, ಆ ಹೊತ್ತಿನಲ್ಲಿ ರೇಡಿಯೇಟರ್ ಒಮ್ಮೆಲೇ ತುಂಬಾ ಬಿಸಿಯಾಗುತ್ತದೆ.

ಹಳೆಯ ಕೊಳಾಯಿಗಾರ:
ಬಾಯ್ಲರಿನೊಳಗೆ ಉಳಿದ 72ರ ನೀರು ಆ ಕಡೆಗೆ ಹೋಗುತ್ತಿದೆ. ಪಂಪ್ ನಿಲ್ಲುವವರೆಗೂ ವಾಲ್ವ್ ಟ್ಯಾಂಕಿನ ಕಡೆಗೇ ತೆರೆದಿರುವಂತೆ ನಿಯಂತ್ರಕದಲ್ಲಿ ವಿಳಂಬ ಇಡಬಹುದು. ನಿಯಂತ್ರಕ ಹಾಕಿದವರಿಗೆ ಹೇಳಿದರೆ ಮಾಡಿಕೊಡುತ್ತಾರೆ, ಉಳಿದ ಶಾಖವೂ ಟ್ಯಾಂಕಿಗೇ ಸೇರುತ್ತದೆ.

ಉಷ್ಣಲೆಕ್ಕ:
ಚಳಿ ಹೆಚ್ಚಾದಾಗ ಒಮ್ಮೆ ಮತ್ತೆ ಅಳೆದು ನೋಡಿ. ತಣ್ಣೀರು 15ರ ಬದಲು 5 ಡಿಗ್ರಿಯಲ್ಲಿ ಬರತೊಡಗಿದರೆ ಇಡೀ ಟ್ಯಾಂಕ್ ಕಾಯಲು ಶೇಕಡಾ 22ರಷ್ಟು ಹೆಚ್ಚು ಶಾಖ ಬೇಕು. 8 ಲೀಟರಿನ ಷವರ್ ಕೂಡ ಆಗ 19 ಕಿಲೋವಾಟಿಗೂ ಮೀರಿ ಎಳೆಯುತ್ತದೆ. ಮೂರನೆಯವರು ಕಾಲು ಗಂಟೆ ತಡವಾಗಿ ಸ್ನಾನಕ್ಕೆ ಹೋದರೆ ಸಾಕು, ಆ ಕೊರತೆ ತುಂಬಿಬರುತ್ತದೆ.